‘ಇನ್ಮೇಲೆ ಈ ಮನೆಗೆ ನೀನೇ ಗಂಡಸು’

(ಪ್ರೌಢಶಾಲಾ ಶಿಕ್ಷಕರು ಮತ್ತು ಹಾಸ್ಟೆಲ್ ವಾರ್ಡನ್‌ಗಳ ಸಭೆಯೊಂದರಲ್ಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಸ್ವಾಗತ, ವಂದನೆಗಳನ್ನು ಬಿಟ್ಟಿದ್ದೇನೆ.)

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ಅಂತ ಹಾಕಿರುವುದು ‘ಬಾಲ್ಯದ ನೋವು ಕಲಿಸುವ ಜವಾಬ್ದಾರಿ’. ಇದರ ಮೇಲೆ ನನಗೊಂದು ತಕರಾರಿದೆ, ಅಲ್ಲಿಂದಲೇ ಶುರು ಮಾಡುತ್ತೇನೆ. ಅಪ್ಪನನ್ನೋ ಅಮ್ಮನನ್ನೋ ಚಿಕ್ಕಂದಿನಲ್ಲೇ ಕಳೆದುಕೊಂಡವರು ಈ ಹಾಲ್‌ನಲ್ಲೂ ಇರುತ್ತೀರಿ. ನೋವೇ ಮೇಷ್ಟ್ರಾಗಿ ಕಲಿಸುವುದಾದರೆ ನಿಮ್ಮ ಊರಲ್ಲಿ ಹಾಗೆ ಕಳೆದುಕೊಂಡ ಎಲ್ಲರೂ ಗಟ್ಟಿಯಾಗಬೇಕಿತ್ತು ಅಲ್ವಾ? ಆಗಿದ್ದಾರಾ? ಒಂದೇ ಮನೆ, ಒಂದೇ ಸಾವು. ಅಣ್ಣ ಸಂಸಾರ ಹೊತ್ತುಕೊಂಡ, ತಮ್ಮ ಕುಡಿತಕ್ಕೆ ಬಿದ್ದ. ಇಂಥ ಮನೆ ಇಲ್ಲದ ಊರು ನನಗೆ ಗೊತ್ತಿಲ್ಲ. ಇಬ್ಬರಿಗೂ ಆದ ನಷ್ಟ ಒಂದೇ ಆಗಿದ್ದರೆ, ಒಬ್ಬನಿಗೆ ಕಲಿಸಿ ಇನ್ನೊಬ್ಬನನ್ನು ಕೆಡಿಸಿದ್ದು ಯಾವುದು?

ಇನ್ನೂ ಒಂದು ವಿಷಯ. ‘ಕಷ್ಟ ನನ್ನನ್ನು ರೂಪಿಸಿತು’ ಅಂತ ವೇದಿಕೆ ಮೇಲೆ ಹೇಳುವವರು ಎದ್ದು ನಿಂತವರು. ಬಿದ್ದವರನ್ನು ನಾವು ಸನ್ಮಾನಕ್ಕೆ ಕರೆಯುವುದಿಲ್ಲ. ಶಾಲು ಹೊದ್ದವರ ಕತೆ ಮಾತ್ರ ಕೇಳಿ ಕೇಳಿ, ಕಷ್ಟ ಅಂದರೆ ಒಳ್ಳೆಯ ಗೊಬ್ಬರ ಅಂತ ನಂಬಿಬಿಟ್ಟಿದ್ದೇವೆ. ಹಾಗೆ ನಂಬಿದವರು ಕಷ್ಟದಲ್ಲಿರುವ ಮಗುವನ್ನು ನೋಡಿ ಏನು ಮಾಡುತ್ತಾರೆ ಗೊತ್ತಾ? ಏನೂ ಮಾಡುವುದಿಲ್ಲ. ‘ಪರವಾಗಿಲ್ಲ, ಕಲಿಯಲಿ’ ಅನ್ನುತ್ತಾರೆ. ನನ್ನ ತಕರಾರಿಗೆ ಕಾರಣ ಇಷ್ಟೇ.

ನಿಮ್ಮ ಶಾಲೆಗಳ ಗೋಡೆಯ ಮೇಲೆ ವಿಶ್ವೇಶ್ವರಯ್ಯನವರ ಪಟ ಇದ್ದೇ ಇರುತ್ತದೆ. ಸೆಪ್ಟೆಂಬರ್ 15ಕ್ಕೆ ಮಕ್ಕಳಿಗೆ ಅವರ ಕತೆ ಹೇಳುತ್ತೇವೆ, ತಂದೆ ಇಲ್ಲದ ಹುಡುಗ, ಬಡತನ, ಬೀದಿ ದೀಪದ ಕೆಳಗೆ ಓದಿದರು ಅಂತ. (ನಮ್ಮ ದೇಶದಲ್ಲಿ ದೊಡ್ಡವರಾದವರೆಲ್ಲ ಬೀದಿ ದೀಪದ ಕೆಳಗೇ ಓದಿದವರು. ಆ ಕಾಲದಲ್ಲಿ ಅಷ್ಟೊಂದು ಬೀದಿ ದೀಪ ಎಲ್ಲಿದ್ದವೋ ನಾ ಕಾಣೆ.) ತಂದೆ ಶ್ರೀನಿವಾಸ ಶಾಸ್ತ್ರಿಗಳು ತೀರಿಕೊಂಡಾಗ ಅವರಿನ್ನೂ ಸ್ಕೂಲು ಹುಡುಗ, ಅದು ನಿಜ. ಆದರೆ ಕತೆಯ ಮುಂದಿನ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯ ಇದ್ದರು. ಹುಡುಗನನ್ನು ಕರೆಸಿಕೊಂಡು ಓದಿಗೆ ಹಚ್ಚಿದರು. ಹುಡುಗನೂ ಸುಮ್ನೆ ಕೂರಲಿಲ್ಲ. ಕೊಡಗಿನ ಮನೆತನವೊಂದರ ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು ಖರ್ಚು ನೋಡಿಕೊಂಡ. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಆಯಿತು. ಇಲ್ಲಿ ಎರಡು ವಿಷಯ ನೋಡಿ. ಹಿಂದೆ ಒಬ್ಬ ಮಾವ ಇದ್ದರು. ಕೈಯಲ್ಲಿ ಒಂದು ಕೆಲಸ ಇತ್ತು, ಆ ಕೆಲಸ ಓದುವ ಹುಡುಗನ ಅಳತೆಗೆ ತಕ್ಕದ್ದಾಗಿತ್ತು. ಮುದ್ದೇನಹಳ್ಳಿಯ ಇಡೀ ಸಂಸಾರವನ್ನು ಯಾರೂ ಆ ಹುಡುಗನ ತಲೆ ಮೇಲೆ ಇಡಲಿಲ್ಲ.

ಧಾರವಾಡಕ್ಕೆ ಬನ್ನಿ. ಬೇಂದ್ರೆಯವರು ತಂದೆಯನ್ನು ಕಳೆದುಕೊಂಡಾಗ ಇನ್ನೂ ಪುಟ್ಟ ಹುಡುಗ. ತಾಯಿ, ಅಜ್ಜಿ ಸೇರಿ ಖಾನಾವಳಿ ನಡೆಸಿ ಮನೆ ನೋಡಿಕೊಂಡರು. ಹತ್ತು ಜನಕ್ಕೆ ಬೇಯಿಸಿ ಹಾಕಿ ಮಕ್ಕಳನ್ನು ಸಾಕಿದ ಹೆಂಗಸರು ಅವರು. ಪುಣೆಗೆ ಹೋಗಿ ಫರ್ಗ್ಯುಸನ್ ಕಾಲೇಜಿನಲ್ಲಿ ಓದಲು ಕಾಕಾ ಬೆನ್ನಿಗಿದ್ದರು. ಮುಂದೆ ಈ ಮನುಷ್ಯ ಕವಿತೆ ಬರೆದದ್ದು ತಾಯಿ ಅಂಬಿಕೆಯ ಹೆಸರು ಹೊತ್ತ ಕಾವ್ಯನಾಮದಲ್ಲಿ. ಅಪ್ಪ ಇಲ್ಲದ ಹುಡುಗ ಕವಿಯಾದ ಅಂತ ನಾವು ಹೇಳುತ್ತೇವೆ. ಹೇಳಬೇಕಾದ್ದು ಖಾನಾವಳಿಯ ಒಲೆ ಮುಂದೆ ಕೂತಿದ್ದ ಇಬ್ಬರು ಹೆಂಗಸರ ಬಗ್ಗೆ ಅಂತ ನನಗನ್ನಿಸುತ್ತದೆ.

ಈ ಎರಡೂ ಸ್ವಲ್ಪ ಸುಲಭದ ಉದಾಹರಣೆಗಳು, ಒಪ್ಪುತ್ತೇನೆ. ಕಷ್ಟದ ಉದಾಹರಣೆ ಬೇಕು ಅಂದರೆ ನಮ್ಮ ಹಾಸನ ಜಿಲ್ಲೆಯ ಸಂತೇಶಿವರಕ್ಕೆ ಹೋಗಬೇಕು. ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಟಿವಿಯಲ್ಲೆಲ್ಲ ಅವರ ಬಾಲ್ಯದ ಮಾತು ಬಂತು. ಆ ಸೀಮೆಯ ಹಳ್ಳಿಗಳಲ್ಲಿ ಪ್ಲೇಗ್ ಅಂದರೆ ಏನು ಅಂತ ನಮ್ಮ ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ. ಇಲಿ ಬಿದ್ದ ಕೂಡಲೇ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಭೈರಪ್ಪನವರು ಪ್ಲೇಗಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡರು. ಓದಿನ ಖರ್ಚಿಗೆ ಸಿಕ್ಕ ಸಿಕ್ಕ ಕೆಲಸ ಮಾಡಿದರು. ಮಧ್ಯದಲ್ಲಿ ಓದು ಬಿಟ್ಟು ಓಡಿಹೋದರು. ಮುಂಬೈ ರೈಲು ನಿಲ್ದಾಣದಲ್ಲಿ ಕೂಲಿ ಮಾಡಿದರು. ಸಾಧುಗಳ ಗುಂಪಿನ ಜೊತೆ ಅಲೆದರು. ಆಮೇಲೆ ಮೈಸೂರಿಗೆ ವಾಪಸ್ ಬಂದು ಓದು ಮುಂದುವರಿಸಿದರು. ಸಾವು ಅನ್ನುವ ಪ್ರಶ್ನೆಯೇ ಅವರನ್ನು ತತ್ವಶಾಸ್ತ್ರದ ಕಡೆ ಎಳೆಯಿತು.

ನಾನು ನಿಮಗೆ ತೋರಿಸಬೇಕು ಅಂತಿರುವುದು ಆ ಮಧ್ಯದ ಅಲೆದಾಟದ ಕಾಲವನ್ನು. ಆ ಹುಡುಗ ಅವತ್ತು ನಿಮ್ಮ ಶಾಲೆಯಲ್ಲಿದ್ದಿದ್ದರೆ ಹಾಜರಿ ಪುಸ್ತಕದಲ್ಲಿ ‘ದೀರ್ಘ ಗೈರು’ ಅಂತ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದಿರಿ. ಸ್ಟಾಫ್ ರೂಮಿನಲ್ಲಿ ‘ತಾಯಿ ಇಲ್ಲದ್ದು ಕೆಟ್ಟುಹೋಯ್ತು’ ಅಂತ ಮಾತಾಗುತ್ತಿತ್ತು. ಆ ಸಮಯದಲ್ಲಿ ಅವರನ್ನು ನೋಡಿದ ಯಾರೂ ‘ನೋಡಿ, ನೋವು ಇವನಿಗೆ ಎಷ್ಟು ಕಲಿಸುತ್ತಿದೆ’ ಅನ್ನುತ್ತಿರಲಿಲ್ಲ. ನಷ್ಟಕ್ಕೂ ಗಟ್ಟಿತನಕ್ಕೂ ನಡುವೆ ಇಂಥ ವರ್ಷಗಳು ಇರುತ್ತವೆ. ಹೊರಗಿನಿಂದ ನೋಡಿದರೆ ಹಾಳಾಗುತ್ತಿರುವ ಹಾಗೇ ಕಾಣುತ್ತವೆ. ವಾಪಸ್ ಬಂದಾಗ ಬಾಗಿಲು ತೆಗೆದಿದೆಯಾ ಅನ್ನುವುದು ದೊಡ್ಡ ವಿಷಯ. ಇವತ್ತಿನ ಹುಡುಗ ಒಂದು ವರ್ಷ ಕಾಣೆಯಾಗಿ ವಾಪಸ್ ಬಂದು ‘ಸಾರ್, ಓದ್ತೀನಿ’ ಅಂದರೆ ನಾವು ಮೊದಲು ಕೇಳುವುದು ಟಿಸಿ. ಎರಡನೆಯದು ಎಸ್‌ಎಟಿಎಸ್ ನಂಬರು, ಅಂದರೆ ಇಲಾಖೆಯ ಕಂಪ್ಯೂಟರಿನಲ್ಲಿ ಆ ಮಗುವಿನ ದಾಖಲೆಯ ನಂಬರು.

ನನ್ನ ಮನೆಯ ಕತೆಯನ್ನೂ ಹೇಳಬೇಕು, ಯಾಕೆಂದರೆ ನನ್ನ ತಕರಾರು ಹುಟ್ಟಿದ್ದು ಅಲ್ಲೇ. ತಿಪಟೂರು ಕಡೆಯ ಹಳ್ಳಿ, ಎಂಬತ್ತರ ದಶಕದ ಶುರು. ನಾನು ಐದನೇ ಕ್ಲಾಸು. ಅಪ್ಪ ಜ್ವರ ಅಂತ ಮಲಗಿದವರು ಏಳಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ದೊಡ್ಡಪ್ಪ ನನ್ನನ್ನು ಜಗಲಿ ಮೇಲೆ ಕೂರಿಸಿಕೊಂಡು, ಎಲ್ಲರ ಎದುರಿಗೆ, ‘ಅಳಬೇಡ ಕಣಪ್ಪ, ಇನ್ಮೇಲೆ ಈ ಮನೆಗೆ ನೀನೇ ಗಂಡಸು’ ಅಂದರು. ಪ್ರೀತಿಯಿಂದಲೇ ಅಂದಿದ್ದು. ನಿಮ್ಮಲ್ಲಿ ಎಷ್ಟೋ ಗಂಡಸರು ಈ ಮಾತು ಕೇಳಿಸಿಕೊಂಡಿರುತ್ತೀರಿ, ಹೇಳಿಯೂ ಇರುತ್ತೀರಿ. ಹತ್ತು ವರ್ಷದ ಹುಡುಗನಿಗೆ ಅದರ ಅರ್ಥ ಏನು? ಸಾಲ ತೀರಿಸಬೇಕಾ? ಅಕ್ಕನ ಮದುವೆ ಮಾಡಬೇಕಾ? ರಾತ್ರಿ ಕಳ್ಳರು ಬಂದರೆ ನಾನು ಎದುರು ನಿಲ್ಲಬೇಕಾ? ನನಗೆ ನಿಜವಾಗಿ ಬಂದ ಯೋಚನೆ ಈ ಕೊನೆಯದು. ಎಷ್ಟೋ ದಿನ ಬಾಗಿಲ ಹತ್ತಿರವೇ ಮಲಗುತ್ತಿದ್ದೆ, ನಿದ್ದೆ ಬರುತ್ತಿರಲಿಲ್ಲ.

ಅದನ್ನು ಗಮನಿಸಿದ್ದು ಅಜ್ಜಿ. ಅವರು ನನಗೆ ಗಂಡಸಾಗುವ ಕೆಲಸ ಬಿಡಿಸಿ ಬೇರೆ ಕೆಲಸ ಕೊಟ್ಟರು. ‘ಬೆಳಿಗ್ಗೆ ಹಾಲು ಡೈರಿಗೆ ಹಾಕಿ ಬರೋದು ನಿಂದು. ಬಟವಾಡೆ ದುಡ್ಡು ಎಣಿಸಿಕೊಂಡು ತಂದು ನನ್ನ ಕೈಗೆ ಕೊಡೋದು ನಿಂದು. ಮಿಕ್ಕಿದ್ದು ನಾವು ನೋಡ್ಕೋತೀವಿ, ಹೋಗು ಮಗ.’ ಅಷ್ಟೇ. ಎರಡು ಹಸು ಇದ್ದವು. ಕ್ಯಾನು ಹಿಡಿದು ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಎಷ್ಟು ಲೀಟರು, ಎಷ್ಟು ಡಿಗ್ರಿ (ಹಾಲಿನ ಗಟ್ಟಿತನದ ಅಳತೆ) ಅಂತ ಪಾಸ್‌ಬುಕ್ಕಿನಲ್ಲಿ ಬರೆಸಿಕೊಳ್ಳುವುದು. ಒಂದು ದಿನ ಡಿಗ್ರಿ ಕಮ್ಮಿ ಬಂತು ಅಂತ ಹಾಲು ವಾಪಸ್ ಕಳಿಸಿದರು. ಅಳುತ್ತಾ ಬಂದೆ. ಅಜ್ಜಿ ಬೈಯಲಿಲ್ಲ, ‘ನಾಳೆ ಕರೆಯುವಾಗ ನೀನೂ ಕೊಟ್ಟಿಗೆಗೆ ಬಾ, ನೋಡುವಂತೆ’ ಅಂದರು, ವಾಪಸ್ ಬಂದ ಹಾಲಿಗೆ ಹೆಪ್ಪು ಹಾಕಿದರು. ಬಟವಾಡೆಯ ದಿನ ಹಿಂಡಿ, ಬೂಸಾ ಬಾಕಿ ಮುರಿದುಕೊಂಡು ಉಳಿದ ದುಡ್ಡು ಕೊಡುತ್ತಿದ್ದರು. ಅದನ್ನು ಎಣಿಸಿ ಅಜ್ಜಿ ಕೈಗಿಟ್ಟಾಗ ಅವರು ಮತ್ತೆ ಎಣಿಸುತ್ತಿರಲಿಲ್ಲ. ನನ್ನ ಮಾತು ನಂಬುತ್ತಿದ್ದರು. ಆ ಕಾಲದಲ್ಲಿ ನನಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಯಾರೂ ಕೊಟ್ಟಿಲ್ಲ.

ಈ ಕೆಲಸದ ಗುಣ ನೋಡಿ. ಅದು ನಿಜವಾದ ಕೆಲಸ, ಮಗುವನ್ನು ಸಮಾಧಾನ ಮಾಡಲು ಕೊಟ್ಟ ಆಟ ಅಲ್ಲ. ನಾನು ಹೋಗದಿದ್ದರೆ ದುಡ್ಡು ಬರುವುದಿಲ್ಲ. ಆದರೆ ಅದಕ್ಕೆ ಒಂದು ಕೊನೆ ಇತ್ತು. ಎಂಟು ಗಂಟೆಗೆ ಕ್ಯಾನು ತೊಳೆದಿಟ್ಟರೆ ಮುಗಿಯಿತು, ಸ್ಕೂಲಿಗೆ ಹೊರಡಬಹುದು. ತಪ್ಪಾದರೆ ಸರಿ ಮಾಡಲು ದೊಡ್ಡವರೊಬ್ಬರಿದ್ದರು. ‘ಮನೆಗೆ ನೀನೇ ಗಂಡಸು’ ಅನ್ನುವ ಮಾತಿಗೆ ಇದು ಯಾವುದೂ ಇಲ್ಲ. ಆ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಅದನ್ನು ಸರಿಯಾಗಿ ಮಾಡಿದೆ ಅಂತ ಯಾರು ಹೇಳುತ್ತಾರೆ?

ಈಗ ಅಕ್ಕನ ವಿಷಯ. ಅದೇ ಮನೆ, ಅದೇ ಅಪ್ಪ, ಅದೇ ಅಜ್ಜಿ. ಅಕ್ಕ ಆಗ ಎಂಟನೇ ಕ್ಲಾಸು, ನನಗಿಂತ ಚೆನ್ನಾಗಿ ಓದುತ್ತಿದ್ದಳು. ಅಮ್ಮ ತೋಟದ ಕೆಲಸಕ್ಕೆ ಇಳಿಯಲೇಬೇಕಾಯಿತು, ಮನೆಯಲ್ಲಿ ತಂಗಿ ಇನ್ನೂ ಕೂಸು. ‘ಒಂದು ವರ್ಷ ಬಿಡಿಸಿ ಆಮೇಲೆ ಸೇರಿಸೋಣ’ ಅಂದರು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ನಾನು ಹಾಲಿನ ಲೆಕ್ಕ ಬರೆದದ್ದನ್ನು ಊರೆಲ್ಲ ಹೊಗಳಿತು, ‘ಎಷ್ಟು ಜವಾಬ್ದಾರಿ ನೋಡಿ ಹುಡುಗನಿಗೆ’ ಅಂತ. ಅಕ್ಕ ಬೆಳಿಗ್ಗೆಯಿಂದ ರಾತ್ರಿವರೆಗೆ ಮಾಡಿದ್ದಕ್ಕೆ ಯಾರೂ ಜವಾಬ್ದಾರಿ ಅಂತ ಹೆಸರಿಡಲಿಲ್ಲ. ಅದು ಬರೀ ಮನೆಗೆಲಸ. ಈಗ ಅವಳು ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾಳೆ, ಒಂದು ರೂಪಾಯಿ ಆಚೀಚೆ ಆಗುವುದಿಲ್ಲ. ಜನ ಅವಳನ್ನು ಗಟ್ಟಿಗಿತ್ತಿ ಅನ್ನುತ್ತಾರೆ. ಒಮ್ಮೆ ಯಾರೋ ಹಾಗೆ ಹೊಗಳಿದಾಗ ಅವಳು ಹೇಳಿದ್ದು, ‘ಗಟ್ಟಿಯಾಗದೆ ಇನ್ನೇನು ಮಾಡಕ್ಕಾಗ್ತಿತ್ತು?’ ಆ ಮಾತಿನಲ್ಲಿ ಹೆಮ್ಮೆ ಇರಲಿಲ್ಲ. ಇವತ್ತಿಗೂ, ‘ಕಷ್ಟ ಕಲಿಸುತ್ತದೆ’ ಅಂತ ಯಾರಾದರೂ ಹೇಳಿದರೆ, ಕಲಿಸಿದ್ದಕ್ಕೆ ಫೀಸು ಯಾರು ಕಟ್ಟಿದರು ಅಂತ ಕೇಳಬೇಕು ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಕಟ್ಟಿದ್ದು ಅಕ್ಕ.

ಮೇಷ್ಟ್ರುಗಳೇ, ನಿಮ್ಮ ರಿಜಿಸ್ಟರ್ ತೆಗೆದು ನೋಡಿ. ತಾಯಿ ತೀರಿಕೊಂಡ ಮನೆಯಿಂದ ಯಾರು ಶಾಲೆ ಬಿಟ್ಟಿದ್ದಾರೆ, ಹುಡುಗನಾ ಹುಡುಗಿಯಾ? ನಾನು ಉತ್ತರ ಹೇಳಬೇಕಾಗಿಲ್ಲ. ತಲೆ ಅಲ್ಲಾಡಿಸುತ್ತಿದ್ದೀರಿ, ಕಾಣುತ್ತಿದೆ.

ಇದು ನಮ್ಮ ಮನೆಯ ಮಾತು ಮಾತ್ರ ಅಂದುಕೊಳ್ಳಬೇಡಿ. ಹವಾಯಿಯ ಕವಾಯ್ ಅನ್ನುವ ದ್ವೀಪದಲ್ಲಿ ಎಮ್ಮಿ ವರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು 1955ರಲ್ಲಿ ಹುಟ್ಟಿದ ಸುಮಾರು 700 ಮಕ್ಕಳನ್ನು ನಲವತ್ತು ವಯಸ್ಸಿನವರೆಗೆ ಬೆನ್ನುಹತ್ತಿ ನೋಡಿದರು. ಎಂಥ ತಾಳ್ಮೆ ನೋಡಿ, ನಾವು ಒಂದು ಬ್ಯಾಚು ಪಾಸಾದ ಮೇಲೆ ಹೆಸರೂ ನೆನಪಿಟ್ಟುಕೊಳ್ಳುವುದಿಲ್ಲ. ಆ ಮಕ್ಕಳಲ್ಲಿ ಮೂರರಲ್ಲಿ ಒಂದು ಭಾಗ ತುಂಬಾ ಕಷ್ಟದ ಮನೆಯವರು. ಬಡತನ, ಅಪ್ಪನ ಕುಡಿತ, ಮನೆಯಲ್ಲಿ ಜಗಳ, ತಾಯಿಗೆ ಮಾನಸಿಕ ಕಾಯಿಲೆ, ಹೀಗೆ. ಹದಿನೆಂಟು ವಯಸ್ಸಿಗೆ ಬರುವಾಗ ಅವರಲ್ಲಿ ಮೂರರಲ್ಲಿ ಇಬ್ಬರಿಗೆ ಒಂದಲ್ಲ ಒಂದು ದೊಡ್ಡ ತೊಂದರೆ ಇತ್ತು. ಮೂರರಲ್ಲಿ ಒಬ್ಬರು ಮಾತ್ರ ಚೆನ್ನಾಗಿ ಬೆಳೆದಿದ್ದರು. ಎಲ್ಲರೂ ಈ ಒಬ್ಬರ ಬಗ್ಗೆಯೇ ಮಾತಾಡುತ್ತಾರೆ. ನೀವು ಮೊದಲು ಆ ಇಬ್ಬರನ್ನು ನೆನಪಿಟ್ಟುಕೊಳ್ಳಿ.

ಆ ಒಬ್ಬರಿಗೆ ಏನಿತ್ತು ಅಂತ ನೋಡಿದಾಗ ಸಿಕ್ಕಿದ್ದು ದೊಡ್ಡ ರಹಸ್ಯವೇನಲ್ಲ. ಕಷ್ಟದ ಮನೆಯೊಳಗೇ ಆಗಲಿ, ಹೊರಗೇ ಆಗಲಿ, ಮಗುವನ್ನು ಪ್ರೀತಿಯಿಂದ ಹಿಡಿದುಕೊಂಡ ದೊಡ್ಡವರು ಒಬ್ಬರಾದರೂ ಇದ್ದರು. ಅಜ್ಜಿ, ಅಜ್ಜ, ಅಕ್ಕ, ಅತ್ತೆ, ಎಷ್ಟೋ ಸಲ ಒಬ್ಬ ಟೀಚರು. ಇನ್ನೊಂದು, ಅವರಲ್ಲಿ ತುಂಬಾ ಮಕ್ಕಳಿಗೆ ಮನೆಯಲ್ಲೋ ಹೊರಗೋ ಮಾಡಲೇಬೇಕಾದ ಒಂದು ಕೆಲಸ ಇತ್ತು, ಬೇರೆಯವರಿಗೆ ಉಪಯೋಗವಾಗುವ ಕೆಲಸ. ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಅಂಥದ್ದು. ನಮ್ಮ ಅಜ್ಜಿಗೆ ಹವಾಯಿ ಎಲ್ಲಿದೆ ಅಂತ ಗೊತ್ತಿರಲಿಲ್ಲ ಬಿಡಿ. ಇನ್ನೂ ಒಂದು ಸಂಗತಿ ಇದೆ, ಅದು ನನಗೆ ಜಾಸ್ತಿ ಇಷ್ಟ. ಹದಿನೆಂಟಕ್ಕೆ ಕೆಟ್ಟುಹೋದರು ಅನ್ನಿಸಿಕೊಂಡ ಹುಡುಗ ಹುಡುಗಿಯರಲ್ಲಿ ಬಹಳ ಜನ ಮೂವತ್ತು ದಾಟುವ ಹೊತ್ತಿಗೆ ದಾರಿಗೆ ಬಂದಿದ್ದರು. ಒಳ್ಳೆಯ ಸಂಗಾತಿ, ಮತ್ತೆ ಓದುವ ಅವಕಾಶ, ಒಂದು ಕೆಲಸ, ಇಂಥ ಯಾವುದೋ ಬಾಗಿಲು ತೆರೆದಿತ್ತು. ಎಸ್‌ಎಸ್‌ಎಲ್‌ಸಿಯಲ್ಲಿ ಫೇಲಾದವನ ಹಣೆಬರಹ ಅಲ್ಲೇ ಬರೆದು ಮುಗಿಸುವ ನಮಗೆ ಇದು ಗೊತ್ತಿರಬೇಕು.

ಹಾಗಾದರೆ ಮಕ್ಕಳಿಗೆ ಕೆಲಸ ಕೊಟ್ಟರೆ ಸಾಕಾ? ಇಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ ಆಯಿತಲ್ಲ, ಅಪ್ಪಂದಿರು ಕೆಲಸ ಕಳೆದುಕೊಂಡರು, ಎಷ್ಟೋ ಮನೆಗಳ ಆದಾಯ ತೀರಾ ಇಳಿಯಿತು. ಆ ಕಾಲದ ಮಕ್ಕಳ ಬಗ್ಗೆ ಗ್ಲೆನ್ ಎಲ್ಡರ್ ಅನ್ನುವ ಸಮಾಜಶಾಸ್ತ್ರಜ್ಞ ಅಧ್ಯಯನ ಮಾಡಿದರು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಊರಿನ ಮಕ್ಕಳು 1920ರ ಆಸುಪಾಸಿನಲ್ಲಿ ಹುಟ್ಟಿದವರು, ಕಷ್ಟ ಬಂದಾಗ ಹತ್ತು ಹನ್ನೆರಡು ವಯಸ್ಸು ದಾಟಿದ್ದವರು. ಹುಡುಗರು ಹೊರಗೆ ಸಣ್ಣಪುಟ್ಟ ಕೆಲಸ ಹಿಡಿದರು, ಹುಡುಗಿಯರು ಮನೆಗೆಲಸ ಹೊತ್ತರು, ಬಹುಪಾಲು ಮಕ್ಕಳು ಜವಾಬ್ದಾರಿ ಕಲಿತು ಮುಂದೆ ಚೆನ್ನಾಗಿಯೇ ಬದುಕಿದರು. ಪಕ್ಕದ ಬರ್ಕ್ಲಿಯ ಮಕ್ಕಳು ಅವರಿಗಿಂತ ಎಂಟು ವರ್ಷ ಚಿಕ್ಕವರು. ಅದೇ ಕುಸಿತ, ಅದೇ ಬಡತನ, ಆದರೆ ಇವರು ಇನ್ನೂ ಪುಟ್ಟ ಮಕ್ಕಳು. ಇವರಲ್ಲಿ, ಅದರಲ್ಲೂ ಗಂಡು ಮಕ್ಕಳಲ್ಲಿ, ಏಟು ಆಳವಾಗಿ ಬಿದ್ದಿತ್ತು. ಕೆಲಸಕ್ಕೆ ಕೈ ಹಾಕುವ ವಯಸ್ಸಲ್ಲ, ಅಪ್ಪ ಅಮ್ಮನ ಸಿಟ್ಟು, ಸೋಲು ನೋಡುತ್ತಾ ಕೂರುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಹಾಗಾಗಿ ನಾಲ್ಕು ವರ್ಷದ ಮಗುವಿಗೂ ಹದಿನಾಲ್ಕರ ಹುಡುಗಿಗೂ ಒಂದೇ ಮಂತ್ರ ಹೇಳಬೇಡಿ.

ವಯಸ್ಸಿನ ಮಾತು ಬಂತಲ್ಲ, ಇನ್ನೊಂದು ಹೇಳುತ್ತೇನೆ. ಸಾವು ಅಂದರೆ ವಾಪಸ್ ಬರುವುದಿಲ್ಲ, ಎಲ್ಲರಿಗೂ ಬರುತ್ತದೆ, ಸತ್ತವರಿಗೆ ಹಸಿವು ನೋವು ಇರುವುದಿಲ್ಲ, ಈ ಮೂರೂ ಮಗುವಿಗೆ ಸುಮಾರಾಗಿ ಅರ್ಥವಾಗುವುದು ಐದರಿಂದ ಏಳು ವರ್ಷದ ನಡುವೆ. ಅದಕ್ಕಿಂತ ಚಿಕ್ಕ ಮಗುವಿಗೆ ನಾವು ಏನು ಹೇಳುತ್ತೇವೆ? ‘ಅಪ್ಪ ಊರಿಗೆ ಹೋಗಿದ್ದಾರೆ.’ ಮಗು ಕಾಯುತ್ತದೆ. ಪ್ರತಿ ಬಸ್ಸಿಗೂ ಕಾಯುತ್ತದೆ. ‘ಅಮ್ಮ ಮಲಗಿದ್ದಾಳೆ’ ಅನ್ನುತ್ತೇವೆ. ಮಗುವಿಗೆ ತಾನು ಮಲಗಲು ಭಯ. ‘ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ’ ಅಂದರೆ, ಒಳ್ಳೆಯ ಹುಡುಗ ಆಗುವುದೇ ಬೇಡ ಅಂತ ಮಗು ತೀರ್ಮಾನ ಮಾಡಿದರೆ ತಪ್ಪು ಯಾರದ್ದು? ಸತ್ತುಹೋದರು ಅಂತ ಹೇಳಿ. ಮೈ ಕೆಲಸ ಮಾಡುವುದು ನಿಂತುಹೋಯಿತು, ವಾಪಸ್ ಬರುವುದಿಲ್ಲ, ನೀನು ಏನೂ ತಪ್ಪು ಮಾಡಿಲ್ಲ ಅಂತ ಹೇಳಿ. ಈ ಕೊನೆಯ ಮಾತು ಮರೆಯಬೇಡಿ. ಚಿಕ್ಕ ಮಕ್ಕಳು ‘ನಾನು ಹಟ ಮಾಡಿದ್ದಕ್ಕೆ ಹೀಗಾಯಿತು’ ಅಂತ ಒಳಗೊಳಗೇ ಅಂದುಕೊಂಡಿರುತ್ತಾರೆ, ಯಾರಿಗೂ ಹೇಳುವುದಿಲ್ಲ.

ನಮ್ಮ ಪದ್ಧತಿಗಳಲ್ಲಿ ಎರಡೂ ಇದೆ. ಒಂದು ಕಡೆ ಮಗುವನ್ನು ಪಕ್ಕದ ಮನೆಗೆ ಕಳಿಸಿ ಹೆಣ ಎತ್ತುತ್ತೇವೆ. ಇನ್ನೊಂದು ಕಡೆ ಆರು ವರ್ಷದ ಗಂಡು ಮಗುವಿನ ಕೈಗೆ ಬೆಂಕಿ ಮಡಿಕೆ ಕೊಟ್ಟು ಮುಂದೆ ನಡೆಸುತ್ತೇವೆ. ನನ್ನ ಅಭಿಪ್ರಾಯ ಕೇಳಿದರೆ, ಕೇಳಿ ಮಾಡಿ. ‘ಅಪ್ಪನನ್ನು ನೋಡ್ತೀಯಾ? ಬಾಯಿಗೆ ಅಕ್ಕಿ ಹಾಕ್ತೀಯಾ? ಬೇಡಾಂದ್ರೆ ಬೇಡ’ ಅಂತ. ಹಾಲು ತುಪ್ಪದ ದಿನ ಎಡೆಗೆ ಅಪ್ಪನಿಗೆ ಇಷ್ಟವಾದ ತಿಂಡಿ ಏನು ಅಂತ ಮಕ್ಕಳನ್ನೇ ಕೇಳಿ ಇಡುವ ಮನೆಗಳಿವೆ. ಬೀಡಿ, ಎಲೆ ಅಡಿಕೆ, ಪಕೋಡ ಎಲ್ಲ ಇಡುತ್ತಾರೆ. ನನಗದು ತುಂಬಾ ಬುದ್ಧಿವಂತಿಕೆಯ ಪದ್ಧತಿ ಅನ್ನಿಸುತ್ತದೆ. ಮಗುವಿಗೆ ಒಂದು ಕೆಲಸ ಸಿಗುತ್ತದೆ, ಅಪ್ಪನ ಬಗ್ಗೆ ಮಾತಾಡಲು ಅವಕಾಶವೂ ಸಿಗುತ್ತದೆ.

ತಿಥಿ ದಿನ ಅದೇ ಮಗು ಪೆಂಡಾಲಿನ ಕೆಳಗೆ ಬೇರೆ ಮಕ್ಕಳ ಜೊತೆ ಕೇಕೆ ಹಾಕಿ ಆಡುತ್ತಿರುತ್ತದೆ. ‘ನೋಡಿ, ಅಪ್ಪ ಸತ್ತಿದ್ದಾನೆ, ಇದಕ್ಕೆ ಏನೂ ಇಲ್ಲ’ ಅಂತ ಯಾರೋ ಅನ್ನುತ್ತಾರೆ. ಮಕ್ಕಳ ದುಃಖ ಹಾಗೇ ಇರುತ್ತದೆ. ಸ್ವಲ್ಪ ಹೊತ್ತು ಅಳು, ಸ್ವಲ್ಪ ಹೊತ್ತು ಆಟ. ರಾತ್ರಿ ಹಾಸಿಗೆ ಒದ್ದೆ. ಮೂರು ತಿಂಗಳಾದ ಮೇಲೆ ಗಣಿತದ ಕ್ಲಾಸಿನಲ್ಲಿ ಕಾರಣವಿಲ್ಲದೆ ಪಕ್ಕದವನಿಗೆ ಹೊಡೆತ. ನಿಮಗೆ ಅದು ಶಿಸ್ತಿನ ಸಮಸ್ಯೆಯಾಗಿ ಕಾಣುತ್ತದೆ.

ಬಾಸ್ಟನ್‌ನಲ್ಲಿ ವಿಲಿಯಂ ವೋರ್ಡನ್ ಮತ್ತು ಫಿಲಿಸ್ ಸಿಲ್ವರ್‌ಮನ್ ಅಂತ ಇಬ್ಬರು ಸಂಶೋಧಕರು, ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ 125 ಶಾಲಾ ಮಕ್ಕಳನ್ನು ಎರಡು ವರ್ಷ ಗಮನಿಸಿದರು. ಹೆಚ್ಚಿನ ಮಕ್ಕಳು ಸುಧಾರಿಸಿಕೊಂಡರು, ಸುಮಾರು ಐದರಲ್ಲಿ ಒಬ್ಬರಿಗೆ ಗಂಭೀರ ತೊಂದರೆ ಉಳಿಯಿತು. ಮೇಷ್ಟ್ರುಗಳಿಗೆ ಬೇಕಾದ ಮಾತು ಇನ್ನೊಂದಿದೆ. ಬೇರೆ ಮಕ್ಕಳಿಗೂ ಇವರಿಗೂ ಇರುವ ವ್ಯತ್ಯಾಸ ಮೊದಲನೇ ವರ್ಷಕ್ಕಿಂತ ಎರಡನೇ ವರ್ಷದ ಕೊನೆಗೆ ಜಾಸ್ತಿ ಎದ್ದು ಕಂಡಿತು. ನಮ್ಮಲ್ಲಿ ವರ್ಷದ ತಿಥಿ ಆದ ಮೇಲೆ ಊರು ಮರೆಯುತ್ತದೆ. ನೆಂಟರು ಬರುವುದು ನಿಲ್ಲುತ್ತದೆ. ಮಗುವಿಗೆ ಹೊಸ ಕ್ಲಾಸು, ಹೊಸ ಕ್ಲಾಸ್ ಟೀಚರು, ಅವರಿಗೆ ವಿಷಯವೇ ಗೊತ್ತಿರುವುದಿಲ್ಲ. ಏಳನೇ ಕ್ಲಾಸಿನಿಂದ ಎಂಟಕ್ಕೆ ಬೇರೆ ಶಾಲೆಗೆ ಹೋಗುವ ಮಗುವಿನ ಜೊತೆ ಟಿಸಿ, ಅಂಕಪಟ್ಟಿ ಹೋಗುತ್ತದೆ. ಅದರ ಜೊತೆ ಹಳೆಯ ಮೇಷ್ಟ್ರ ಒಂದು ಫೋನು ಹೋದರೆ ಸಾಕು.

ಬಾಸ್ಟನ್‌ನ ಆ ಮಕ್ಕಳಲ್ಲಿ ತುಂಬಾ ಜನ ತೀರಿಕೊಂಡವರ ಏನಾದರೊಂದು ವಸ್ತು ಇಟ್ಟುಕೊಂಡಿದ್ದರು, ಮನಸ್ಸಿನಲ್ಲಿ ಅವರ ಜೊತೆ ಮಾತಾಡುತ್ತಿದ್ದರು. ಇದು ಹುಚ್ಚಲ್ಲ. ಹಾಸ್ಟೆಲ್ ಹುಡುಗನ ಪೆಟ್ಟಿಗೆಯಲ್ಲಿ ಹರಿದ ಟವಲ್ಲೋ ಓಡದ ವಾಚೋ ಕಂಡರೆ, ಕ್ಲೀನಿಂಗ್ ದಿನ ಅದನ್ನು ಬಿಸಾಡಬೇಡಿ ವಾರ್ಡನ್ ಸಾಹೇಬರೇ.

ಹಾಸ್ಟೆಲ್ ಅಂದಾಗ ಸಿದ್ಧಗಂಗೆಯ ನೆನಪಾಗುತ್ತದೆ. ಶಿವಕುಮಾರ ಸ್ವಾಮೀಜಿಯವರು ಮಾಗಡಿ ಕಡೆಯ ವೀರಾಪುರದವರು, ಎಂಟು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡವರು. ಮುಂದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ವಿದ್ಯೆ ಕೊಟ್ಟ ಮಠವನ್ನು ಬೆಳೆಸಿದರು. ತಾಯಿ ಇಲ್ಲದ್ದರಿಂದಲೇ ಅನ್ನದಾಸೋಹ ಹುಟ್ಟಿತು ಅಂತ ಗಂಟು ಹಾಕುವುದು ನನಗೆ ಇಷ್ಟವಿಲ್ಲ, ಒಬ್ಬ ಮನುಷ್ಯನ ಬದುಕಿಗೆ ನೂರು ಬೇರು. ಆದರೆ ಅಲ್ಲಿ ಓದಿದ ನನ್ನ ಗೆಳೆಯರೆಲ್ಲ ಹೇಳುವುದು ಒಂದೇ, ಅಲ್ಲಿ ಯಾರೂ ಅನಾಥ ಅಂತ ಬೇರೆ ಸಾಲಿನಲ್ಲಿ ಕೂರಲಿಲ್ಲ, ಎಲ್ಲರಿಗೂ ಅದೇ ಮುದ್ದೆ, ಎಲ್ಲರಿಗೂ ಒಂದು ಕೆಲಸ.

ಬೇರೆ ಸಾಲು ಅಂದೆ. ಕೋವಿಡ್ ಆದ ಮೇಲೆ ಈ ಬೇರೆ ಸಾಲು ಜಾಸ್ತಿಯಾಯಿತು. 2021ರ ಮೇ ತಿಂಗಳಲ್ಲಿ ಕೇಂದ್ರ, ರಾಜ್ಯ ಎರಡೂ ಯೋಜನೆ ತಂದವು. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ, ಕೇಂದ್ರದ ಪಿಎಂ ಕೇರ್ಸ್‌ನಲ್ಲಿ 23 ವರ್ಷ ತುಂಬಿದಾಗ 10 ಲಕ್ಷ. ಒಳ್ಳೆಯದೇ. ಆದರೆ ಚೆಕ್ ಕೊಡುವಾಗ ಆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಹೆಸರು ಹಾಕಿ ಸ್ಟೇಟಸ್ ಇಟ್ಟವರನ್ನು ನಾನು ನೋಡಿದ್ದೇನೆ. ಹತ್ತು ಲಕ್ಷ ಬರುತ್ತದೆ ಅಂತ ಊರಿಗೆಲ್ಲ ಗೊತ್ತಾದ ಮಗುವಿಗೆ ದೊಡ್ಡಪ್ಪಂದಿರು ಜಾಸ್ತಿಯಾಗುತ್ತಾರೆ. ನಗುತ್ತೀರಿ, ಆದರೆ ನಿಜ.

ಇನ್ನೊಂದು ವಿಷಯವನ್ನು ಯಾರೂ ವೇದಿಕೆ ಮೇಲೆ ಹೇಳುವುದಿಲ್ಲ. ಚಿಕ್ಕಂದಿನಲ್ಲೇ ಮನೆ ಹೊತ್ತವರು ದೊಡ್ಡವರಾದ ಮೇಲೆ ಹೇಗಿರುತ್ತಾರೆ? ಮದುವೆ ಮನೆಯಲ್ಲಿ ಅಡುಗೆ ಭಟ್ಟರಿಂದ ಹಿಡಿದು ಜನರೇಟರ್‌ವರೆಗೆ ಎಲ್ಲ ಅವರದ್ದೇ ಜವಾಬ್ದಾರಿ. ಯಾರಿಗೆ ಹುಷಾರಿಲ್ಲದಿದ್ದರೂ ಆಸ್ಪತ್ರೆಗೆ ಮೊದಲು ಓಡುವವರು ಅವರೇ. ಅವರಿಗೇ ಹುಷಾರಿಲ್ಲದಿದ್ದರೆ ಯಾರಿಗೂ ಹೇಳುವುದಿಲ್ಲ. ರಜೆ ಹಾಕಿ ಸುಮ್ನೆ ಕೂತರೆ ಕೈಕಾಲು ಆಡುವುದಿಲ್ಲ. ಸಹಾಯ ಕೇಳುವುದು ಅಂದರೆ ಅವಮಾನ. ‘ನಾನು ಇಷ್ಟು ವಯಸ್ಸಿಗೆ ಸಂಸಾರ ನೋಡಿದೆ, ನಿನಗೇನು ಕಷ್ಟ?’ ಅಂತ ಸ್ವಂತ ಮಕ್ಕಳ ಮೇಲೆ ರೇಗುತ್ತಾರೆ. ಹೊರಗೆ ಜವಾಬ್ದಾರಿ ಅಂತ ಕಾಣುವುದರ ಒಳಗೆ ಎಷ್ಟೋ ಸಲ ಹೆದರಿದ ಮಗು ಬಾಗಿಲ ಹತ್ತಿರ ಮಲಗಿರುತ್ತದೆ. ಅಂಥವರು ನಿಮ್ಮಲ್ಲಿದ್ದರೆ ಟೆಲಿ ಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮೇಷ್ಟ್ರುಗಳು ಫೋನ್ ಮಾಡಬಾರದು ಅಂತ ಎಲ್ಲೂ ಬರೆದಿಲ್ಲ.

ಆಗಲೇ ಒಬ್ಬ ಮೇಡಂ ಚೀಟಿ ಕಳಿಸಿದ್ದರು, ‘ಮಗು ಸಾವಿನ ಮನೆಯಿಂದ ಕ್ಲಾಸಿಗೆ ವಾಪಸ್ ಬಂದ ಮೊದಲ ದಿನ ನಾವು ಏನು ಮಾಡಬೇಕು’ ಅಂತ. ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ ಮೌನಾಚರಣೆ ಮಾಡಿಸಬೇಡಿ. ಪಕ್ಕಕ್ಕೆ ಕರೆದು, ವಿಷಯ ನನಗೆ ಗೊತ್ತಾಯಿತು, ಅಳು ಬಂದರೆ ಹೊರಗೆ ಹೋಗಿ ಬಾ, ಕೇಳಬೇಕಾಗಿಲ್ಲ ಅಂತ ಹೇಳಿ. ಹೋಮ್‌ವರ್ಕ್ ಪೂರ್ತಿ ಬಿಡಬೇಡಿ, ಕಮ್ಮಿ ಕೊಡಿ, ಆದರೆ ಕೇಳಿ. ಕ್ಲಾಸಿನಲ್ಲಿ ಒಂದು ಕೆಲಸ ಕೊಡಿ. ಲೈಬ್ರರಿ ಪುಸ್ತಕದ ಲೆಕ್ಕವೋ ಗಿಡಕ್ಕೆ ನೀರೋ, ಯಾವುದಾದರೂ ಆಗಲಿ, ಅದು ನಿಜವಾದ ಕೆಲಸ ಆಗಿರಲಿ. ಮಾಡದಿದ್ದ ದಿನ ನೀವು ಮಾಡಿ. ಪೋಷಕರ ಸಭೆಗೆ ‘ತಂದೆಯನ್ನು ಕರೆದುಕೊಂಡು ಬಾ’ ಅನ್ನುವ ಬದಲು ‘ಮನೆಯವರನ್ನು’ ಅನ್ನಿ.

ಮತ್ತು ದಯವಿಟ್ಟು ಅರ್ಜಿ ಹಾಕಿಸಿ. ಮಿಷನ್ ವಾತ್ಸಲ್ಯ ಅಂತ ಮಕ್ಕಳ ರಕ್ಷಣೆಗೆ ಸರ್ಕಾರದ ಕಾರ್ಯಕ್ರಮ ಇದೆ, ಅದರ ಪ್ರಾಯೋಜಕತ್ವ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಇಬ್ಬರನ್ನೂ ಕಳೆದುಕೊಂಡು ನೆಂಟರ ಮನೆಯಲ್ಲಿರುವ ಮಕ್ಕಳಷ್ಟೇ ಅಲ್ಲ, ವಿಧವೆ ತಾಯಿಯ ಮಕ್ಕಳೂ ಇದಕ್ಕೆ ಬರುತ್ತಾರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ದಾಟಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೊಡಬೇಕು. ದಾರಿ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮರಣ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ನಿಮ್ಮ ಶಾಲೆಯ ದೃಢೀಕರಣ, ಇಷ್ಟು ಜೋಡಿಸಿಟ್ಟುಕೊಂಡು ಹೋಗಿ. ತಾಯಿಗೆ ಕಚೇರಿ ಅಲೆಯಲು ಒಂದು ದಿನದ ಕೂಲಿ ಹೋಗುತ್ತದೆ, ಹಾಗಾಗಿ ದೃಢೀಕರಣ ಪತ್ರವನ್ನು ‘ನಾಳೆ ಬನ್ನಿ’ ಅನ್ನದೆ ಅವತ್ತೇ ಬರೆದುಕೊಡಿ. ಆ ಮನೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿ ಇದ್ದರೆ ಮೊದಲು ಅವಳ ಹೆಸರಲ್ಲಿ ಹಾಕಿಸಿ.